ಮೂರು ವರ್ಷ ಓಡಿಸಿದ 2.2 ಕಿಲೋವಾಟ್ ಸ್ಪಿಂಡಲ್: ವಾಟ್ ನೋಡಿ ಕೊಂಡವನ ಅನುಭವ

ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೇ ಕಟ್ಟಿಕೊಂಡ ಮಿಲ್ಲಿಂಗ್ ಯಂತ್ರಕ್ಕೆ, ಕಟ್ಟರ್ ಹಿಡಿದು ತಿರುಗಿಸುವ ಈ ಸ್ಪಿಂಡಲ್ ಕೂರಿಸಿ ಮೂರು ವರ್ಷ ದಾಟಿತು. ಚೀನಾದಲ್ಲಿ ತಯಾರಾದ, ನೀರಿನಿಂದ ತಂಪಾಗುವ, 80 ಮಿ.ಮೀ. ವ್ಯಾಸದ ಮೋಟಾರು. ಇಆರ್20 ಕೊಲೆಟ್ (ಕಟ್ಟರನ್ನು ಬಿಗಿಹಿಡಿಯುವ ಸೀಳು ತೋಳು), ವಿಎಫ್‌ಡಿ (ಆವರ್ತನ ಬದಲಿಸಿ ಮೋಟಾರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ), ಕ್ಲಾಂಪ್, ಪಂಪು ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ನನ್ನ ಕೆಲಸವೆಂದರೆ ಅಲ್ಯೂಮಿನಿಯಂ ಪ್ಲೇಟುಗಳು, ತೇಗದ ನಾಮಫಲಕಗಳು, ಆಗೀಗ ಅಕ್ರಿಲಿಕ್.

ಇದಕ್ಕೂ ಮೊದಲು ಬಡಗಿಗಳು ಬಳಸುವ 710 ವಾಟ್‌ನ ಟ್ರಿಮ್ಮರನ್ನೇ ಕಟ್ಟಿ ಒಂದು ವರ್ಷ ದೂಡಿದ್ದೆ. ಕೆಲಸವೇನೋ ಮಾಡುತ್ತಿತ್ತು. ಆದರೆ ಅದರ ಕಿರುಚಾಟಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚುವುದನ್ನು ಬಿಟ್ಟು ಗೇಟಿಗೇ ಬರತೊಡಗಿದರು. ಕಾರ್ಬನ್ ಬ್ರಷ್ ಎರಡು ಸಲ ಸವೆಯಿತು. ಈಗಿನದಕ್ಕೆ ಬ್ರಷ್ಷೇ ಇಲ್ಲ. ಖಾಲಿ ತಿರುಗುವಾಗ ಪಂಪಿನ ಸದ್ದೇ ಇದಕ್ಕಿಂತ ಹೆಚ್ಚು. ಈ ಒಂದು ವಿಷಯಕ್ಕೆ ಪೂರ್ತಿ ಅಂಕ.

ಇನ್ನು ನಾನು ಎಡವಿದ್ದು. 2.2 ಎಂಬ ಸಂಖ್ಯೆ ನೋಡಿ, ಮೂರು ಎಚ್‌ಪಿ ಮೋಟಾರು, ಉಕ್ಕನ್ನೂ ಕೊರೆಯುತ್ತದೆ ಎಂದುಕೊಂಡಿದ್ದೆ. ಮೊದಲ ತಿಂಗಳಲ್ಲೇ ಮೈಲ್ಡ್ ಸ್ಟೀಲ್ ಪಟ್ಟಿಯೊಂದಕ್ಕೆ 6 ಮಿ.ಮೀ. ಕಾರ್ಬೈಡ್ ಕಟ್ಟರ್ ಇಳಿಸಿದೆ. ವೇಗ 5,300 ಆರ್‌ಪಿಎಂ. ಒಂದು ಬಾರಿ ಗುರ್ ಎಂದಿತು, ಮೋಟಾರು ನಿಂತಿತು, ಕಟ್ಟರ್ ಎರಡು ತುಂಡು. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಪರಿಚಯದವರಿಗೆ ತುಂಡು ತೋರಿಸಿದರೆ, "ಎತ್ತಿನ ಗಾಡಿಗೆ ರೇಸ್ ಕುದುರೆ ಕಟ್ಟಿದ್ದೀರಲ್ಲ ಸಾರ್" ಎಂದು ನಕ್ಕುಬಿಟ್ಟರು.

ಅವರ ನಗುವಿನಲ್ಲಿ ಲೆಕ್ಕವಿತ್ತು. ಈ ಮೋಟಾರು 2.2 ಕಿಲೋವಾಟ್ ಕೊಡುವುದು 400 ಹರ್ಟ್ಸ್‌ನಲ್ಲಿ, ಅಂದರೆ 24,000 ಆರ್‌ಪಿಎಂನಲ್ಲಿ ಮಾತ್ರ. ತಿರುಚುಬಲ (ಟಾರ್ಕ್) ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಒಂದೇ, ಸುಮಾರು 0.88 ನ್ಯೂಟನ್ ಮೀಟರ್. ವೇಗ ಕಾಲುಭಾಗಕ್ಕೆ ಇಳಿದರೆ ಶಕ್ತಿಯೂ ಕಾಲುಭಾಗ. ನಾನು ಉಕ್ಕು ಕೊರೆಯಲು ಹೋದ ವೇಗದಲ್ಲಿ ಅರ್ಧ ಕಿಲೋವಾಟ್ ಕೂಡ ಇರಲಿಲ್ಲ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಕಟ್ಟರ್ ಆದರಂತೂ ಉಕ್ಕಿಗೆ ಸಾವಿರದ ಮುನ್ನೂರು ಆರ್‌ಪಿಎಂ ಸಾಕು. ಆ ವೇಗದಲ್ಲಿ ಇದನ್ನು ಕೈಯಲ್ಲೇ ಹಿಡಿದು ನಿಲ್ಲಿಸಬಹುದೇನೋ (ನಿಲ್ಲಿಸಲು ಹೋಗಬೇಡಿ). ಉಕ್ಕೇ ನಿಮ್ಮ ಮುಖ್ಯ ಕೆಲಸವಾದರೆ ಬೆಲ್ಟಿನಿಂದ ವೇಗ ತಗ್ಗಿಸಿದ ಸ್ಪಿಂಡಲ್ಲಿಗೆ ಸರ್ವೊ ಮೋಟಾರನ್ನೋ ಸಾಧಾರಣ ಇಂಡಕ್ಷನ್ ಮೋಟಾರನ್ನೋ ಕಟ್ಟಿಕೊಳ್ಳಿ.

ಅಲ್ಯೂಮಿನಿಯಂನಲ್ಲಿ ಕಥೆ ತಲೆಕೆಳಗು. 6 ಮಿ.ಮೀ. ಒಂಟಿ ಹಲ್ಲಿನ ಕಟ್ಟರ್, 18,000 ಆರ್‌ಪಿಎಂ, ಹಲ್ಲಿಗೆ 0.05 ಮಿ.ಮೀ.ನಂತೆ ನಿಮಿಷಕ್ಕೆ 900 ಮಿ.ಮೀ. ಫೀಡ್ (ಕಟ್ಟರ್ ಮುಂದೆ ಸಾಗುವ ವೇಗ), 1 ಮಿ.ಮೀ. ಆಳ. ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಆದರೆ ಈ ಕೊರೆತಕ್ಕೆ ಬೇಕಾಗುವ ಶಕ್ತಿ ಲೆಕ್ಕ ಹಾಕಿದರೆ ನೂರು ವಾಟ್‌ನ ಆಸುಪಾಸು! ಆಳ ಇನ್ನೂ ಹೆಚ್ಚಿಸೋಣವೆಂದರೆ ಮೋಟಾರು ಸಿದ್ಧ, ನನ್ನ ಫ್ರೇಮು ನಡುಗುತ್ತದೆ. ಸಾಲದೆಂಬಂತೆ ಸ್ಪಿಂಡಲ್ಲಿನ ಐದು ಕಿಲೋ ಭಾರವನ್ನು ಝಡ್ (ಮೇಲೆ-ಕೆಳಗೆ ಚಲಿಸುವ) ಅಕ್ಷ ದಿನವೂ ಎತ್ತಿಳಿಸಬೇಕು. ಇವತ್ತು ಕೊಳ್ಳುವುದಾದರೆ 1.5 ಕಿಲೋವಾಟ್ ತೆಗೆದುಕೊಂಡು, ಉಳಿದ ಹಣಕ್ಕೆ ದಪ್ಪನೆಯ ಝಡ್ ಪ್ಲೇಟ್ ಹಾಕಿಸುತ್ತೇನೆ.

ವಿಎಫ್‌ಡಿ ಬಗ್ಗೆ ಒಂದು ಎಚ್ಚರಿಕೆ. ನನಗೆ ಬಂದದ್ದು 50 ಹರ್ಟ್ಸ್‌ನ ಸಾಧಾರಣ ಮೋಟಾರಿಗೆ ಹೊಂದಿಸಿದ ಸ್ಥಿತಿಯಲ್ಲಿತ್ತು. ಹಾಗೆಯೇ ಚಾಲೂ ಮಾಡಿದ್ದರೆ 400 ಹರ್ಟ್ಸ್‌ಗೆ ಸಲ್ಲಬೇಕಾದ 220 ವೋಲ್ಟ್ 50 ಹರ್ಟ್ಸ್‌ನಲ್ಲೇ ನುಗ್ಗಿ ವೈಂಡಿಂಗ್ ಸುಟ್ಟುಹೋಗುತ್ತಿತ್ತು. ಮಾರಿದವರ ಚೀಟಿಯಲ್ಲಿ ಈ ಬಗ್ಗೆ ಒಂದಕ್ಷರವಿಲ್ಲ. ಬೇಸ್ (ಪೂರ್ತಿ ವೋಲ್ಟೇಜ್ ಸಿಗುವ) ಮತ್ತು ಗರಿಷ್ಠ ಆವರ್ತನ ಎರಡನ್ನೂ 400ಕ್ಕೆ ಇಟ್ಟ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಿ. ಮನೆಯ ಸಿಂಗಲ್ ಫೇಸ್ ಸಾಕು, ಆದರೆ 16 ಆಂಪಿಯರ್ ಸಾಕೆಟ್ ಬೇಕು. ಸ್ಪಿಂಡಲ್ಲಿನ ನಾಲ್ಕನೆಯ ಪಿನ್ ಅರ್ಥಿಂಗ್ ಎಂದು ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ. ನನ್ನದರಲ್ಲಿ ಒಳಗೆ ಏನನ್ನೂ ಜೋಡಿಸಿರಲಿಲ್ಲ, ನಾನೇ ಬಿಚ್ಚಿ ಬೆಸುಗೆ ಹಾಕಿದೆ. ವಿದ್ಯುತ್ ಗದ್ದಲ ತಡೆಯುವ ಶೀಲ್ಡ್ ಇರುವ ಕೇಬಲ್ ಹಾಕಿದ ಮೇಲೆ ಲಿಮಿಟ್ ಸ್ವಿಚ್ಚುಗಳು (ಅಕ್ಷ ತುದಿ ಮುಟ್ಟಿದರೆ ಯಂತ್ರ ನಿಲ್ಲಿಸುವವು) ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುವುದೂ ತಪ್ಪಿತು.

ಎರಡನೆಯ ವರ್ಷದ ಯುಗಾದಿಯ ಹಿಂದಿನ ದಿನ, ಅಡುಗೆಮನೆಯಿಂದ ಎಳೆದಿದ್ದ ಪಂಪಿನ ಪ್ಲಗ್ಗನ್ನು ಕಿತ್ತು ಅಮ್ಮ ಹೂರಣ ರುಬ್ಬಲು ಗ್ರೈಂಡರ್ ಹಾಕಿದರು. ಶೆಡ್ಡಿನಲ್ಲಿ ಕೆಲಸ ನಡೆದೇ ಇತ್ತು. ನಾನು ಬಂದು ಮುಟ್ಟುವಾಗ ಸ್ಪಿಂಡಲ್ ಮೈ ಹೆಂಚಿನಂತೆ ಕಾದಿತ್ತು. ಒಬ್ಬಟ್ಟು ಚೆನ್ನಾಗಿಯೇ ಆಯಿತು. ಬೇರಿಂಗಿನ ಗ್ರೀಸು ಮಾತ್ರ ಹೋಯಿತು. ಎರಡು ತಿಂಗಳಲ್ಲಿ 12,000 ಆರ್‌ಪಿಎಂ ಸುತ್ತಮುತ್ತ ಗೊರಗೊರ ಸದ್ದು ಶುರುವಾಗಿ, ಮುಂಭಾಗದ ಜೋಡಿ ಬೇರಿಂಗ್ ಬದಲಿಸಬೇಕಾಯಿತು. ಈಗ ಪೈಪಿನಲ್ಲಿ ಫ್ಲೋ ಸ್ವಿಚ್ ಇದೆ. ನೀರು ನಿಂತರೆ ವಿಎಫ್‌ಡಿ ತಾನೇ ನಿಲ್ಲುತ್ತದೆ. ನಲ್ಲಿ ನೀರು ಹಾಕಿದ್ದಾಗ ಪೈಪಿನೊಳಗೆ ಪಾಚಿ ಕಟ್ಟಿತ್ತು. ಡಿಸ್ಟಿಲ್ಡ್ ವಾಟರ್‌ಗೆ ಕಾರಿನ ಕೂಲೆಂಟ್ ಬೆರೆಸಿದಂದಿನಿಂದ ಆ ಕಾಟವಿಲ್ಲ.

ಜೊತೆಗೆ ಬರುವ ಕೊಲೆಟ್ಟುಗಳನ್ನು ಪೆಟ್ಟಿಗೆಯಲ್ಲೇ ಬಿಡಿ. ಓಲಾಟ ಅಳೆಯುವ ಡಯಲ್ ಇಟ್ಟು ನೋಡಿದಾಗ ಅವುಗಳಲ್ಲಿ ಕಟ್ಟರ್ 0.04 ಮಿ.ಮೀ. ಓಲಾಡುತ್ತಿತ್ತು. ಬೇರೆ ತಂದ ಒಳ್ಳೆಯ 6 ಮಿ.ಮೀ. ಕೊಲೆಟ್ಟಿನಲ್ಲಿ ಅದು 0.01ಕ್ಕೆ ಇಳಿಯಿತು. ಕೊಲೆಟ್ಟನ್ನು ಮೊದಲು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಸ್ಪಿಂಡಲ್ಲಿಗೆ ಹತ್ತಿಸಿ. ಇದನ್ನು ತಿಳಿಯದೆ ನಾನು ಮುರಿದ ಕಟ್ಟರ್‌ಗಳು ಒಂದು ಡಬ್ಬಿ ತುಂಬ ಇವೆ.