ಅರವತ್ತು ಕಂತು, ಒಂದು ಮೈಸೂರು ಸಿಲ್ಕ್: ಅಂಚೆ ಕಚೇರಿಯ ಆರ್‌ಡಿ ಬಗ್ಗೆ ನನ್ನ ಅನುಭವ

ಹನುಮಂತನಗರದ ನಮ್ಮ ಮನೆಯಲ್ಲೇ ಇಪ್ಪತ್ತಾರು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯನ್ನು, ಅಂದರೆ ತಿಂಗಳು ತಿಂಗಳೂ ಒಂದೇ ಮೊತ್ತ ಕಟ್ಟುವ ಠೇವಣಿಯನ್ನು, ಕೊನೆಯ ಕಂತಿನವರೆಗೆ ಕಟ್ಟಿ ಮುಗಿಸಿದ್ದು ಇದೇ ಮೊದಲು. ಕಟ್ಟಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು, ನನ್ನ ಹೊಲಿಗೆ ಯಂತ್ರವೂ ನಿಂತಿತು. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟಿದ್ದ ನೋಟುಗಳಿಂದ. ಆಗಸ್ಟ್ 7ರಂದು, ಕೈಗೆ ಮತ್ತೆ ಕೆಲಸ ಬಂದ ಕೂಡಲೇ, ತಿಂಗಳಿಗೆ 2,000 ರೂಪಾಯಿಯ ಖಾತೆ ತೆರೆದೆ. ಚೀಟಿಗೆ ಹಾಕು, ದುಡ್ಡು ಬೇಗ ಬೆಳೆಯುತ್ತದೆ ಎಂದವರಿದ್ದರು. ಹಿಂದೆ ನಮ್ಮ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದವರು ಒಂದು ರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದರು. ಬೆಳಿಗ್ಗೆ ಆ ಬೀಗದ ಮುಂದೆ ಅಳುತ್ತಾ ನಿಂತಿದ್ದ ಹೆಂಗಸರಲ್ಲಿ ಮೂವರು ನನ್ನ ಗಿರಾಕಿಗಳು. ನನಗೆ ಬಡ್ಡಿಗಿಂತ ನಿದ್ದೆ ಮುಖ್ಯವಾಗಿತ್ತು.

ನಿಯಮಗಳು ಸರಳ. ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು. ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಖಾತೆ ತೆರೆದಿದ್ದರೆ ಪ್ರತಿ ತಿಂಗಳೂ 15ರೊಳಗೆ ಕಂತು ಕಟ್ಟಬೇಕು. ಎರಡನೇ ಅಲೆಯ ಹೊತ್ತಿಗೆ ನಾನು ಒಂದು ಕಂತು ತಪ್ಪಿಸಿದೆ. ನೂರಕ್ಕೆ ಒಂದು ರೂಪಾಯಿಯಂತೆ 20 ರೂಪಾಯಿ ದಂಡ ಸೇರಿಸಿ ಮುಂದಿನ ತಿಂಗಳು ಕಟ್ಟಿದೆ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಕಟ್ಟಿದ ಹಣದ ಅರ್ಧದವರೆಗೆ ಸಾಲವೂ ಸಿಗುತ್ತದೆ. ಆದರೆ ಮೂರು ವರ್ಷ ತುಂಬುವ ಮೊದಲು ಖಾತೆ ಮುಚ್ಚುವಂತಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಬೇರೆಯವರಿಗೆ ಇದು ಕೊರತೆ ಎನಿಸಬಹುದು. ಕೈಯಲ್ಲಿ ದುಡ್ಡಿದ್ದರೆ ಯಾರು ಕೇಳಿದರೂ ಇಲ್ಲ ಎನ್ನಲಾಗದ ನನ್ನಂಥವಳಿಗೆ ಅದೇ ಕಾವಲು. ಏಜೆಂಟ್ ಮೂಲಕ ಕಟ್ಟುವವರು ಒಂದು ಮಾತು ನೆನಪಿಡಿ: ಅವರ ಕಮಿಷನ್ ಸರ್ಕಾರವೇ ಕೊಡುತ್ತದೆ, ನೀವು ಬೇರೆ ಕೊಡಬೇಕಾಗಿಲ್ಲ. ಪಾಸ್‌ಬುಕ್ಕನ್ನು ಮಾತ್ರ ಆಗಾಗ ಕೇಳಿ ನೋಡುತ್ತಿರಿ.

ನಾನು ತೆರೆದಾಗ ಬಡ್ಡಿ ಶೇಕಡಾ 5.8. ಐದು ವರ್ಷಕ್ಕೆ ಕಟ್ಟಿದ್ದು 1,20,000. ಬಂದದ್ದು 1,39,000ದ ಮೇಲೆ ಚಿಲ್ಲರೆ. ಕಳೆದ ಆಗಸ್ಟ್‌ನಲ್ಲಿ ಕೌಂಟರಿನ ಹುಡುಗಿ, "ಮುಂದುವರಿಸುತ್ತೀರಾ ಅಮ್ಮಾ, ತೆಗೆಯುತ್ತೀರಾ?" ಎಂದು ಕೇಳಿದಳು. ಮುಂದುವರಿಸಿದರೆ ಹಳೆಯ 5.8ರ ಬಡ್ಡಿಯೇ, ಹೊಸದಾಗಿ ತೆರೆದರೆ 6.7 ಎಂದು ಬಿಡಿಸಿ ಹೇಳಿದವಳೂ ಅವಳೇ. ಹಳೆಯದನ್ನು ಮುಚ್ಚಿ, ಹೊಸದಕ್ಕೆ ಅಲ್ಲೇ ಅರ್ಜಿ ಕೊಟ್ಟೆ.

ಆ ಪ್ರಶ್ನೆಯೇ ಈ ಯೋಜನೆಯ ದೊಡ್ಡ ಗುಣ ಎನ್ನುತ್ತೇನೆ. ಸಾಸಿವೆ ಡಬ್ಬಿ ಯಾವತ್ತೂ ನನ್ನನ್ನು ಏನೂ ಕೇಳಿರಲಿಲ್ಲ. ತುಂಬುತ್ತಿತ್ತು, ಯಾರದೋ ಫೀಸಿಗೋ ಆಸ್ಪತ್ರೆಗೋ ಖಾಲಿಯಾಗುತ್ತಿತ್ತು. ಅರವತ್ತು ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ನಿಲ್ಲಿಸಿ, ಈಗ ಏನು ಮಾಡುತ್ತೀ ಎಂದು ಕೇಳುವುದು ಬೇಕು.

ಅಸಲು ಮುಟ್ಟುವುದಿಲ್ಲ, ಬಡ್ಡಿ ನನ್ನದು ಎಂದು ಬಸ್ಸಿನಲ್ಲೇ ತೀರ್ಮಾನಿಸಿದೆ. ಮೈಸೂರು ಸಿಲ್ಕ್ ಬೇಕು ಎಂದಾಗ ಮಗಳು, "ಅದೇ ದುಡ್ಡಿಗೆ ಒಂದೆರಡು ಗ್ರಾಂ ಚಿನ್ನ ತೆಗೆದುಕೊಳ್ಳಮ್ಮ, ಕಷ್ಟಕ್ಕಾಗುತ್ತದೆ" ಎಂದಳು. ತಪ್ಪು ಮಾತಲ್ಲ. "ಕಷ್ಟಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಇಟ್ಟಿದ್ದೇನೆ ಕಣೇ, ಇದು ಕಷ್ಟಕ್ಕಲ್ಲ" ಎಂದೆ.

ಆ ಸೀರೆಯ ಗುರುತು ನನಗೆ ಎಷ್ಟು ಚೆನ್ನಾಗಿದೆ ಎಂದರೆ, ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲೆ. ಅಂಗೈಯಿಂದ ನೀರಿನ ಹಾಗೆ ಜಾರುತ್ತದೆ, ಆದರೂ ತೂಕವಿರುತ್ತದೆ. ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿ, 0.65ರಷ್ಟು ಚಿನ್ನ, ಸೂಜಿ ಹಾಯಿಸುವಾಗಲೇ ಬೆರಳಿಗೆ ತಿಳಿಯುತ್ತದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ಗಿರಾಕಿಗಳ ಸೀರೆಯಿಂದ ರವಿಕೆ ಬಟ್ಟೆ ಬೇರ್ಪಡಿಸುವಾಗ ಆ ಸಂಖ್ಯೆಗಳನ್ನು ಎಷ್ಟು ಸಲ ನೋಡಿದ್ದೇನೋ. ಈ ಸಲ ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ ಕೆ.ಎಸ್.ಐ.ಸಿ.ಯ ಮಳಿಗೆಯಲ್ಲಿ ಬೆಳಿಗ್ಗೆಯೇ ಸರದಿಯಲ್ಲಿ ನಿಂತು, ಗಿಳಿಹಸಿರಿನ, ಸಣ್ಣ ಅಂಚಿನ ಸೀರೆ ಆರಿಸಿದೆ. ಬಡ್ಡಿಯ ಹಣ ಸಾಲದೆ ಮೇಲೆ ಐದು ಸಾವಿರದಷ್ಟು ಸೇರಿಸಬೇಕಾಯಿತು. ಅದನ್ನು ಡಬ್ಬಿಯಿಂದ ತೆಗೆದೆ. ಅಸಲಿಗೆ ಕೈ ಹಾಕಲಿಲ್ಲ.

ಆರ್‌ಡಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಳೆದದ್ದು ಬಡ್ಡಿಗೆ: ಐದು ವರ್ಷದಲ್ಲಿ ಲೈನಿಂಗ್ ಬಟ್ಟೆಯ ಬೆಲೆ ಏರಿದಷ್ಟೂ ನನ್ನ ಹಣ ಏರಲಿಲ್ಲ.

ಗೌರಿ ಹಬ್ಬಕ್ಕೆ ಎಂಟು ದಿನವಿತ್ತು, ಗಿರಾಕಿಗಳ ಹದಿನಾಲ್ಕು ರವಿಕೆಗಳು ಬಾಕಿ ಇದ್ದವು. ನನ್ನ ಅಳತೆ ಪುಸ್ತಕದಲ್ಲಿ ನನ್ನದೇ ಪುಟವಿರಲಿಲ್ಲ. ಇಷ್ಟು ವರ್ಷ ಹಳೆಯ ರವಿಕೆಯೊಂದನ್ನು ಹಾಸಿಕೊಂಡು ಕತ್ತರಿಸುತ್ತಿದ್ದೆ. ಮಗಳು ಟೇಪು ಹಿಡಿದು ಅಳತೆ ಹೇಳಿದಳು, ನಾನು ಬರೆದುಕೊಂಡೆ. ಹದಿನಾಲ್ಕನ್ನೂ ಪಕ್ಕಕ್ಕಿಟ್ಟು ಮೊದಲು ನನ್ನದನ್ನು ಹೊಲಿದೆ.