ಶಿರಾಡಿ ಘಾಟಿ ಬಂದ್ ಆದರೆ ನಮ್ಮ ವಿಂಡೋಸ್ ಆಕ್ಟಿವೇಶನ್ನೂ ಬಂದ್: ಸಣ್ಣ ಆಫೀಸಿನಲ್ಲಿ ಕೆಎಂಎಸ್

ಕೆಎಂಎಸ್ ಅಂದರೆ ಕೀ ಮ್ಯಾನೇಜ್‌ಮೆಂಟ್ ಸರ್ವಿಸ್: ಆಫೀಸಿನ ಪಿಸಿಗಳ ವಿಂಡೋಸನ್ನು ನಮ್ಮದೇ ಒಂದು ಸರ್ವರ್ ಆಕ್ಟಿವೇಟ್ ಮಾಡುವ, ಅಂದರೆ ಲೈಸೆನ್ಸ್ ಸರಿ ಇದೆ ಅಂತ ಒಪ್ಪುವ, ಮೈಕ್ರೋಸಾಫ್ಟ್‌ನ ವ್ಯವಸ್ಥೆ. ಅದನ್ನು ಹಾಕುವುದು ಹೇಗೆ ಅಂತ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಹಾಕಿದ ಮೇಲೆ ಸಣ್ಣ ಆಫೀಸಿನಲ್ಲಿ ಅದರ ಜೊತೆ ವರ್ಷಗಟ್ಟಲೆ ಏಗುವುದು ಹೇಗೆ ಅಂತ ಬರೆದವರು ಕಡಿಮೆ. ನಾನು ಏಗಿದ್ದೇನೆ. ಅದಕ್ಕೆ ಇದು.

ನಮ್ಮದು ಪಣಂಬೂರಿನ ಹತ್ತಿರದ ಕ್ಲಿಯರಿಂಗ್ ಆ್ಯಂಡ್ ಫಾರ್ವರ್ಡಿಂಗ್ ಆಫೀಸು. ನವಮಂಗಳೂರು ಬಂದರಿಗೆ ಬರುವ ಕಚ್ಚಾ ಗೇರುಬೀಜ, ಇಲ್ಲಿಂದ ಹೊರಡುವ ಕಾಫಿ, ಇವೆರಡರ ಕಾಗದಪತ್ರ ಮಾಡುವುದೇ ಮುಖ್ಯ ಕೆಲಸ. ನನ್ನ ಅರ್ಧ ದಿನ ಬಿಲ್ಲಿಂಗ್, ಇನ್ನರ್ಧ ದಿನ ಕಂಪ್ಯೂಟರ್. ಎರಡು ಸರ್ವರ್, 20 ಡೆಸ್ಕ್‌ಟಾಪ್, 5 ಲ್ಯಾಪ್‌ಟಾಪ್. ಒಟ್ಟು 27. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರಲ್ಲೇ ಉಂಟು.

ಮೈಕ್ರೋಸಾಫ್ಟ್‌ನ ಓಪನ್ ಲೈಸೆನ್ಸ್ ಸ್ಕೀಮ್ ಇನ್ನೂ ಇದ್ದ ಕಾಲದಲ್ಲಿ, ಅಂದರೆ 2021ರ ಕೊನೆಗೆ ಅದು ನಿಲ್ಲುವ ಮೊದಲು, ವಿಂಡೋಸ್ ಮತ್ತು ಎಂಎಸ್ ಆಫೀಸ್ ಎರಡನ್ನೂ ವಾಲ್ಯೂಮ್ ಲೈಸೆನ್ಸಿನಲ್ಲಿ, ಅಂದರೆ ಹಲವು ಮೆಷಿನ್‌ಗೆ ಒಟ್ಟಿಗೆ ಕೊಳ್ಳುವ ಲೈಸೆನ್ಸಿನಲ್ಲಿ, ತೆಗೆದುಕೊಂಡೆವು. ವಾಲ್ಯೂಮ್‌ನಲ್ಲಿ ಸಿಗುವ ವಿಂಡೋಸ್ ಬರೀ ಅಪ್‌ಗ್ರೇಡ್ ಲೈಸೆನ್ಸು. ಮೆಷಿನ್‌ಗೆ ಮೊದಲೇ ವಿಂಡೋಸ್ ಪ್ರೋ ಲೈಸೆನ್ಸ್ ಇರಬೇಕು. ಅಸೆಂಬಲ್ ಮಾಡಿಸಿದ ಖಾಲಿ ಪಿಸಿಗೆ ಇದನ್ನೇ ಹಾಕಿದರೆ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಇರುವುದು ಬೇರೆ ಕಡೆ.

ಲೈಸೆನ್ಸ್ ಕೊಟ್ಟ ಡೀಲರ್ ಕಡೆಯ ಎಂಜಿನಿಯರ್ ಬಂದು ವಿಂಡೋಸ್ ಸರ್ವರ್ 2016ರಲ್ಲಿ ಕೆಎಂಎಸ್ ಹೋಸ್ಟ್, ಅಂದರೆ ಆಕ್ಟಿವೇಶನ್ ಕೊಡುವ ಸರ್ವಿಸ್, ಕೂರಿಸಿ ಹೋದರು. ಐಡಿಯಾ ಚೆಂದ ಉಂಟು, ಸುಳ್ಳು ಹೇಳಬಾರದು. ಒಂದೊಂದು ಪಿಸಿಗೂ ಕೀ ಹೊಡೆಯುವ ರಗಳೆ ಇಲ್ಲ. ಪಿಸಿ ಡಿಎನ್‌ಎಸ್‌ನಲ್ಲಿ, ಅಂದರೆ ನೆಟ್‌ವರ್ಕಿನ ವಿಳಾಸ ಪುಸ್ತಕದಲ್ಲಿ, ಹೋಸ್ಟ್ ಎಲ್ಲಿದೆ ಅಂತ ಹುಡುಕುತ್ತದೆ, 1688ನೇ ಪೋರ್ಟ್‌ನಲ್ಲಿ ಮಾತಾಡುತ್ತದೆ, 180 ದಿನಕ್ಕೆ ಆಕ್ಟಿವೇಶನ್ ಪಡೆಯುತ್ತದೆ. ಏಳು ದಿನಕ್ಕೊಮ್ಮೆ ತಾನೇ ಹೋಗಿ ರಿನ್ಯೂ ಮಾಡಿಕೊಳ್ಳುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಆದರೆ ಒಂದು ಷರತ್ತು. ವಿಂಡೋಸ್ ಪಿಸಿಗಳು ಆಕ್ಟಿವೇಟ್ ಆಗಬೇಕಾದರೆ ಹೋಸ್ಟ್‌ನ ಲೆಕ್ಕದಲ್ಲಿ ಕನಿಷ್ಠ 25 ಮೆಷಿನ್ ಇರಬೇಕು. ಸರ್ವರ್‌ಗಳಿಗಾದರೆ 5 ಸಾಕು. ಎಂಎಸ್ ಆಫೀಸ್‌ಗೂ 5 ಸಾಕು, ಅದರ ಲೆಕ್ಕ ಬೇರೆ. 25 ಆಗುವ ತನಕ ಡೆಸ್ಕ್‌ಟಾಪ್ ವಿಂಡೋಸ್ ಒಂದೂ ಆಕ್ಟಿವೇಟ್ ಆಗುವುದಿಲ್ಲ. ಸೀಟು ತುಂಬದೆ ಹೊರಡದ ಸರ್ವಿಸ್ ಜೀಪಿನ ಹಾಗೆ. ನಮ್ಮ ಧಣಿಗಳಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಂತ ಮಾರಾಯ, ದುಡ್ಡು ಕೊಟ್ಟು ತಗೊಂಡದ್ದಲ್ವಾ ನಾವು? ಮತ್ತೆ ತಲೆ ಲೆಕ್ಕ ಯಾಕೆ?” ಇವತ್ತಿಗೂ ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶುರುವಿನಲ್ಲೇ ಲೆಕ್ಕ ಒಂದರಲ್ಲೇ ನಿಂತಿತು. ಪಿಸಿಗಳೆಲ್ಲ ಆನ್ ಇದ್ದವು, ಹೋಸ್ಟ್‌ಗೆ ಕೋರಿಕೆ ಬರುತ್ತಲೂ ಇತ್ತು. ಇವೆಂಟ್ ವ್ಯೂವರ್‌ನಲ್ಲಿ ಕೆಎಂಎಸ್‌ನದ್ದೇ ಒಂದು ಲಾಗ್ ಇರುತ್ತದೆ, 12290 ನಂಬರಿನ ಎಂಟ್ರಿಗಳು. ಒಂದೊಂದು ಎಂಟ್ರಿಯಲ್ಲೂ ಕೇಳಿದ ಪಿಸಿಯ ಹೆಸರು, ಪಕ್ಕದಲ್ಲಿ ಅದರ ಉದ್ದದ ಕ್ಲೈಂಟ್ ಐಡಿ. ಹೆಸರು ಬೇರೆ ಬೇರೆ, ಐಡಿ ಮಾತ್ರ ಎಲ್ಲದಕ್ಕೂ ಒಂದೇ. ಪಿಸಿ ಸಪ್ಲೈ ಮಾಡಿದವರು ಒಂದಕ್ಕೆ ವಿಂಡೋಸ್ ಹಾಕಿ, ಇಂಥ ಐಡಿ ಅಳಿಸುವ ಸಿಸ್‌ಪ್ರೆಪ್ ಮಾಡದೆ, ಅದರ ಇಮೇಜನ್ನೇ ಉಳಿದದ್ದಕ್ಕೆಲ್ಲ ಕ್ಲೋನ್ ಮಾಡಿ ಕೊಟ್ಟಿದ್ದರು. ಹೋಸ್ಟ್ ಕಣ್ಣಿಗೆ ಅಷ್ಟೂ ಒಂದೇ ಮೆಷಿನ್. ಪ್ರತಿ ಪಿಸಿಯಲ್ಲೂ ಎಸ್‌ಎಲ್‌ಎಂಜಿಆರ್ ಅನ್ನುವ ವಿಂಡೋಸ್ ಲೈಸೆನ್ಸ್ ಕಮಾಂಡಿಗೆ ಸ್ಲ್ಯಾಶ್ ರೀಆರ್ಮ್ ಸೇರಿಸಿ ಹೊಡೆದು ರೀಸ್ಟಾರ್ಟ್ ಮಾಡಿದ ಮೇಲೆ ಐಡಿ ಬದಲಾಯಿತು, ಲೆಕ್ಕ ಏರಿತು. ನಿಮ್ಮಲ್ಲೂ ಸಂಖ್ಯೆ ಏರುವುದಿಲ್ಲ ಅಂತಾದರೆ ಮೊದಲು ನೋಡಬೇಕಾದ್ದು ಇದು.

ಆಮೇಲೆ ನನಗೊಂದು ಚಟ ಹತ್ತಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸರ್ವರ್ ರೂಮಿನ ಬಾಗಿಲು ತೆಗೆಯುವುದು, ಯುಪಿಎಸ್ ಮೇಲಿನ ಧೂಳು ಒರೆಸುವುದು. ಆಯುಧಪೂಜೆಗೆ ಇಟ್ಟ ಕುಂಕುಮ ಅದರ ಮೂಲೆಯಲ್ಲಿ ವರ್ಷವಿಡೀ ಇರುತ್ತದೆ, ಅದನ್ನು ಒರೆಸುವ ಹಾಗಿಲ್ಲ. ಕ್ಯಾಂಟೀನಿನ ಹುಡುಗ ಚಾ ಇಟ್ಟು ಹೋಗುತ್ತಾನೆ. ಆಗ ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಡಿಎಲ್‌ವಿ ಹೊಡೆಯುತ್ತೇನೆ. ಎಂಟರ್ ಒತ್ತಿದ ಮೇಲೆ ಏನೂ ಆಗುವುದಿಲ್ಲ. ಒತ್ತಿದೆನಾ ಇಲ್ಲವಾ ಅಂತ ನಮಗೇ ಡೌಟು ಬರುವಷ್ಟು ಹೊತ್ತು ಸುಮ್ನೆ ಇರುತ್ತದೆ. ಆಮೇಲೆ ಹಳೇ ಕಾಲದ ಒಂದು ಪುಟ್ಟ ಕಿಟಕಿ ಟಕ್ಕನೆ ಬರುತ್ತದೆ. ಅದರ ಕೆಳಗಿನ ಸಾಲುಗಳಲ್ಲಿ ಕರೆಂಟ್ ಕೌಂಟ್. ಹೋಸ್ಟ್ ತನ್ನನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ 26 ಇದ್ದರೆ ಚಾ ರುಚಿ. ಸಿಸ್ಕ್ರಿಪ್ಟ್ ಅಂತ ಮುಂದೆ ಸೇರಿಸಿ ಹೊಡೆದರೆ ಕಿಟಕಿ ಬಾರದೆ ಉತ್ತರ ಅಲ್ಲೇ ಸಾಲಾಗಿ ಬೀಳುತ್ತದೆ, ಕಾಪಿ ಮಾಡಲಿಕ್ಕೂ ಸುಲಭ. ಆದರೂ ನನಗೆ ಆ ಕಿಟಕಿಯೇ ಇಷ್ಟ.

ಸಣ್ಣಪುಟ್ಟ ತಕರಾರು ಎಲ್ಲ ಕಡೆ ಇದ್ದದ್ದೇ. ಇಂಟರ್‌ನೆಟ್ ಸರಿ ಮಾಡಲು ಬಂದ ಕೇಬಲ್ ಹುಡುಗ ಎರಡು ಪಿಸಿಯ ಡಿಎನ್‌ಎಸ್ ಬದಲಾಯಿಸಿ ಗೂಗಲ್‌ನ 8.8.8.8 ಹಾಕಿ ಹೋದ. ನೆಟ್ ಬಂತು, ಆಕ್ಟಿವೇಶನ್ ಹೋಯಿತು. ನಮ್ಮ ಹೋಸ್ಟ್‌ನ ವಿಳಾಸ ಇರುವುದು ನಮ್ಮದೇ ಡಿಎನ್‌ಎಸ್‌ನಲ್ಲಿ, ಹೊರಗಿನದಕ್ಕೆ ಅದು ಹೇಗೆ ಗೊತ್ತಿರಬೇಕು? ಎಫ್074ರಲ್ಲಿ ಮುಗಿಯುವ ಎರರ್ ಬಂದರೆ ಬಹುತೇಕ ಇಂಥದ್ದೇ ಕಾರಣ. ಎಫ್06ಸಿ ಬಂದರೆ ಗಡಿಯಾರ ನೋಡಿ. ಪಿಸಿ ಮತ್ತು ಹೋಸ್ಟ್ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೆಎಂಎಸ್ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತ ಹಳೇ ಪಿಸಿ, ಕರೆಂಟ್ ಹೋಗಿ ಬಂದ ಮೇಲೆ ಯಾವುದೋ ಹಿಂದಿನ ವರ್ಷಕ್ಕೆ ಹೋಗಿ ಕೂತಿರುತ್ತದೆ. ಗುಡುಗಿನ ಸೀಸನ್‌ಗೆ ಮೊದಲೇ ಸೆಲ್ ಬದಲಾಯಿಸಿ ಬಿಡಿ. ಚಿಲ್ಲರೆ ಕಾಸಿನ ಕೆಲಸ.

ಇನ್ನು ಘಾಟಿ ವಿಷಯ. ಕಾಫಿ ಸೀಸನ್ ಶುರುವಾದರೆ ನಮ್ಮ ನಾಲ್ಕು ಲ್ಯಾಪ್‌ಟಾಪ್ ಹಾಸನಕ್ಕೆ ಹತ್ತುತ್ತವೆ. ಅಲ್ಲಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಲೋಡ್ ಆಗುವ ಕಾಫಿಯ ಲೆಕ್ಕ ಬರೆಯುವ ಹುಡುಗರ ಜೊತೆ. ಡಿಸೆಂಬರಿನಲ್ಲಿ ಹೋದರೆ ಬರುವುದು ಮಳೆಗೆ ಸ್ವಲ್ಪ ಮೊದಲು. 30 ದಿನ ಮುಖ ತೋರಿಸದ ಮೆಷಿನನ್ನು ಕೆಎಂಎಸ್ ಹೋಸ್ಟ್ ಲೆಕ್ಕದಿಂದ ತೆಗೆದು ಹಾಕುತ್ತದೆ. 26ರಲ್ಲಿ ನಾಲ್ಕು ಹೋದರೆ 22. ಜನವರಿ ಬಂತು ಅಂದರೆ ನನ್ನ ಬೆಳಗಿನ ಕಿಟಕಿಯಲ್ಲಿ 22. ಆಗ ಹೊಸ ಪಿಸಿ ತಂದರೂ, ಹಳೆಯದನ್ನು ಫಾರ್ಮ್ಯಾಟ್ ಮಾಡಿದರೂ, ಅದು ಎರಡು ಗಂಟೆಗೊಮ್ಮೆ ಬಾಗಿಲು ಬಡಿಯುತ್ತದೆ, ಎರರ್ ಎಫ್038 ತಿಂದು ವಾಪಸ್ ಬರುತ್ತದೆ: ಲೆಕ್ಕ ಸಾಲದು. ಪಣಂಬೂರಿನ ಪಿಸಿಗೆ ಆಕ್ಟಿವೇಶನ್ ಬೇಕಾದರೆ ಹಾಸನದ ಲ್ಯಾಪ್‌ಟಾಪ್ ಘಾಟಿ ಇಳಿಯಬೇಕು!

ದೂರದಿಂದಲೇ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು ಆನ್ ಆದರೆ ಎಲ್ಲ ಸ್ಲೋ ಅಂತ ಹುಡುಗರು ಆಫ್ ಮಾಡುತ್ತಿದ್ದರು. ಫೋನ್ ಮಾಡಿ ಹೇಳಿದರೆ “ಆಯ್ತು ಸಾರ್” ಅನ್ನುತ್ತಾರೆ, ಆನ್ ಮಾಡುವುದಿಲ್ಲ.

ಒಂದು ವರ್ಷ ಹಾಸನದ ಕೆಲಸ ಮಳೆಗಾಲಕ್ಕೂ ಎಳೆಯಿತು. ಅಷ್ಟರಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಸುತ್ತು ಹಾಕಿ ಬರೀ ಲ್ಯಾಪ್‌ಟಾಪ್ ತರಲಿಕ್ಕೆ ಯಾರು ಬರುತ್ತಾರೆ? ಈ ಕಡೆ ಆಫೀಸಿನ ಪಿಸಿಗಳಿಗೆ ಜನವರಿಯಲ್ಲಿ ಸಿಕ್ಕಿದ 180 ದಿನ ಮುಗಿಯುತ್ತಾ ಬಂತು. ಏಳು ದಿನಕ್ಕೊಮ್ಮೆ ರಿನ್ಯೂ ಮಾಡಲು ಹೋದವು, 22 ಅಂತ ವಾಪಸ್ ಬಂದವು. ಜುಲೈಯಲ್ಲಿ ಒಂದೊಂದಾಗಿ ಡೆಸ್ಕ್‌ಟಾಪ್ ಕಪ್ಪಾಗತೊಡಗಿತು, ಬಲ ಮೂಲೆಯಲ್ಲಿ ಆಕ್ಟಿವೇಟ್ ವಿಂಡೋಸ್ ಅಂತ ಮಸುಕು ಅಕ್ಷರ. ಕೆಲಸ ನಿಲ್ಲಲಿಲ್ಲ, ಅದು ನಿಜ. ಆದರೆ ಪಾರ್ಟಿಯವರು ಬಂದು ಕೂತಾಗ ಅವರ ಕಣ್ಣು ಸೀದಾ ಆ ಮೂಲೆಗೇ ಹೋಗುತ್ತದೆ. “ಡೂಪ್ಲಿಕೇಟಾ?” ಅಂತ ಒಬ್ಬರು ನಗುತ್ತಾ ಕೇಳಿಯೂ ಬಿಟ್ಟರು. ಬಿಲ್ಲು, ಲೈಸೆನ್ಸ್ ಪತ್ರ ಎಲ್ಲ ಫೈಲಿನಲ್ಲಿಟ್ಟುಕೊಂಡು ಈ ಮಾತು ಕೇಳುವುದು ಎಂತ ಕರ್ಮ ಮಾರಾಯ್ರೇ!

ಡೀಲರ್‌ಗೆ ಫೋನ್ ಮಾಡಿದರೆ ಅವರ ಸಲಹೆ: ಸರ್ವರ್‌ನಲ್ಲಿ ನಾಲ್ಕೈದು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಓಡುವ ಪಿಸಿ, ಮಾಡಿ ಸುಮ್ನೆ ಓಡಲು ಬಿಡಿ, ಲೆಕ್ಕ ಏರುತ್ತದೆ. ವರ್ಚುವಲ್ ಮೆಷಿನ್ ಲೆಕ್ಕಕ್ಕೆ ಸೇರುವುದು ಹೌದು. ಆದರೆ ಅವಕ್ಕೂ ಲೈಸೆನ್ಸ್ ಬೇಕಲ್ಲ. ಕೊಂಡ ಲೈಸೆನ್ಸ್ ನಡೆಯಲಿ ಅಂತ ಬೇಡದ ಲೈಸೆನ್ಸ್ ಕೊಳ್ಳುವುದಾ? ಧಣಿಗಳ ಮುಂದೆ ಇದನ್ನು ಬಾಯಿ ಬಿಡುವ ಧೈರ್ಯವೂ ನನಗಿರಲಿಲ್ಲ.

ಮಳೆ ಕಡಿಮೆಯಾಗಿ ಲ್ಯಾಪ್‌ಟಾಪ್‌ಗಳು ಬಂದವು. ಅದರಲ್ಲೊಂದು ಆಗಲೇ ಚೆನ್ನಾಗಿ ಆಕ್ಟಿವೇಟ್ ಆಗಿತ್ತು. ಡಿಎಲ್‌ವಿ ಹೊಡೆದು ನೋಡಿದರೆ ಕೆಎಂಎಸ್ ಮೆಷಿನ್ ಅನ್ನುವ ಜಾಗದಲ್ಲಿ ನಮ್ಮ ಸರ್ವರ್ ಹೆಸರಿಲ್ಲ, ಯಾವುದೋ ಊರುಕೇರಿ ಇಲ್ಲದ ವಿಳಾಸ, ಮುಂದೆ 1688. ಅಲ್ಲಿ ರಿಪೇರಿಗೆ ಕೊಟ್ಟಿದ್ದರಂತೆ, ಅಂಗಡಿಯವರು ಉಪಕಾರಕ್ಕೆ ಆಕ್ಟಿವೇಟ್ ಮಾಡಿ ಕೊಟ್ಟಿದ್ದರಂತೆ. ಆ್ಯಂಟಿವೈರಸ್ ಆಫ್ ಆಗಿತ್ತು. ಕೆಎಂಎಸ್ ಅಂದರೆ ಕಳ್ಳ ಸಾಫ್ಟ್‌ವೇರ್ ಅಂತಲೇ ಜನ ತಿಳಿಯಲು ಈ ನಕಲಿ ಆಕ್ಟಿವೇಟರ್‌ಗಳೇ ಕಾರಣ. ಅಸಲಿ ಹೋಸ್ಟ್‌ನ ವೇಷ ಹಾಕಿ ಪಿಸಿಯನ್ನು ನಂಬಿಸುತ್ತವೆ, ಜೊತೆಯಲ್ಲಿ ಇನ್ನೇನು ತರುತ್ತವೋ ಯಾರು ಬಲ್ಲರು. ಕಸ್ಟಮ್ಸ್ ಫೈಲಿಂಗಿಗೆ ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚುವ ಲ್ಯಾಪ್‌ಟಾಪ್ ಅದು. ಪೂರ್ತಿ ಫಾರ್ಮ್ಯಾಟ್ ಮಾಡಿಸಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಬೈಗುಳದ ವಿಮರ್ಶೆ ಆಗುತ್ತಿತ್ತು. ಆದರೆ ಅದೇ ಸರ್ವರ್ ಒಳಗೆ, ಅದೇ ವಾಲ್ಯೂಮ್ ಆಕ್ಟಿವೇಶನ್ ಸರ್ವಿಸಸ್ ವಿಝಾರ್ಡಿನ ಶುರುವಿನಲ್ಲೇ ಇನ್ನೊಂದು ಆಯ್ಕೆ ಉಂಟು: ಆ್ಯಕ್ಟಿವ್ ಡೈರೆಕ್ಟರಿ, ಅಂದರೆ ಆಫೀಸಿನ ಪಿಸಿ ಮತ್ತು ಯೂಸರ್‌ಗಳ ಪಟ್ಟಿ ಇಡುವ ಡೇಟಾಬೇಸ್, ಅದರ ಮೂಲಕ ಆಕ್ಟಿವೇಶನ್. ಸರ್ವರ್ 2012 ಮತ್ತು ವಿಂಡೋಸ್ 8ರ ಕಾಲದಿಂದಲೇ ಇರುವಂಥದ್ದು. ಸ್ಕೀಮಾ, ಅಂದರೆ ಆ ಡೇಟಾಬೇಸಿನ ರಚನೆ, 2012ರ ಮಟ್ಟದಲ್ಲಿರಬೇಕು, ಪಿಸಿ ಡೊಮೇನ್‌ನಲ್ಲಿ, ಅಂದರೆ ಆ ಪಟ್ಟಿಯಲ್ಲಿ, ಸೇರಿರಬೇಕು, ಅಷ್ಟೆ. ಅದೇ ಕೆಎಂಎಸ್ ಹೋಸ್ಟ್ ಕೀ ನಡೆಯುತ್ತದೆ. ಹೊಸದಾಗಿ ಒಂದು ರೂಪಾಯಿ ಖರ್ಚಿಲ್ಲ. ಮುಖ್ಯ ವಿಷಯ, 25ರ ಲೆಕ್ಕ ಇಲ್ಲ. ಲೆಕ್ಕವೇ ಇಲ್ಲ! ಡೊಮೇನ್‌ನಲ್ಲಿ ಒಂದೇ ಪಿಸಿ ಇದ್ದರೂ ಆಕ್ಟಿವೇಟ್ ಆಗುತ್ತದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಕೂತು ಮಾಡಿದೆ. ಕೀ ಹಾಕಿ, ಆಕ್ಟಿವೇಶನ್ ಆಬ್ಜೆಕ್ಟಿಗೆ ಹೆಸರು ಕೊಟ್ಟು, ಆನ್‌ಲೈನ್‌ನಲ್ಲಿ ಕಮಿಟ್ ಮಾಡಿದರೆ ಮುಗಿಯಿತು. ಕಪ್ಪು ತೆರೆಯ ಒಂದು ಪಿಸಿ ರೀಸ್ಟಾರ್ಟ್ ಮಾಡಿ ಲಾಗಿನ್ ಆದೆ. ಮೂಲೆಯ ಅಕ್ಷರ ಮಾಯ. ಡೊಮೇನಿನ ಪಿಸಿ ಮೊದಲು ಆ್ಯಕ್ಟಿವ್ ಡೈರೆಕ್ಟರಿಯನ್ನೇ ಕೇಳುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಕೆಎಂಎಸ್ ಹುಡುಕುತ್ತದೆ. ಹಾಗಾಗಿ ಪಿಸಿಗಳ ಕಡೆ ಏನೂ ಬದಲಾಯಿಸಬೇಕಾಗಲಿಲ್ಲ. ಕೈಯಾರೆ ಹೋಸ್ಟ್ ವಿಳಾಸ ಹಾಕಿದ್ದ ಒಂದೆರಡರಲ್ಲಿ ಸ್ಲ್ಯಾಶ್ ಸಿಕೆಎಂಎಸ್ ಹೊಡೆದು ಅಳಿಸಿದೆ.

ಹಾಸನದ ನಾಲ್ಕಕ್ಕೆ ಇದೂ ಸರಿ ಹೋಗುವುದಿಲ್ಲ. ಇಲ್ಲೂ 180 ದಿನದ ಒಳಗೆ ಡೊಮೇನ್‌ಗೆ ಮುಖ ತೋರಿಸಬೇಕು. ಅವಕ್ಕೆ ಎಂಎಕೆ ಕೀ ಹಾಕಿದೆ, ಅಂದರೆ ಹಲವು ಮೆಷಿನ್‌ಗೆ ಒಂದೇ ಕೀ, ಆಕ್ಟಿವೇಶನ್ ಸೀದಾ ಮೈಕ್ರೋಸಾಫ್ಟ್‌ನಿಂದ. ಒಮ್ಮೆ ಆಕ್ಟಿವೇಟ್ ಆದರೆ ಆಯಿತು, ಮತ್ತೆ ಯಾರನ್ನೂ ಕೇಳುವುದಿಲ್ಲ. ಕೀಗೆ ಇಂತಿಷ್ಟೇ ಸಲ ಅಂತ ಮಿತಿ ಇರುವುದರಿಂದ ಮಾತು ಮಾತಿಗೆ ಫಾರ್ಮ್ಯಾಟ್ ಮಾಡುವ ಮೆಷಿನ್‌ಗೆ ಹಾಕಬೇಡಿ. ವಿಎಎಂಟಿ ಅಂತ ಒಂದು ಉಚಿತ ಟೂಲ್ ಉಂಟು. ಅದರಲ್ಲಿ ಕನ್ಫರ್ಮೇಶನ್ ಐಡಿ, ಅಂದರೆ ಮೈಕ್ರೋಸಾಫ್ಟ್ ಕೊಟ್ಟ ಒಪ್ಪಿಗೆಯ ನಂಬರು, ಉಳಿಸಿಟ್ಟುಕೊಂಡರೆ ಅದೇ ಹಾರ್ಡ್‌ವೇರಿಗೆ ಮತ್ತೆ ಹಾಕಬಹುದು, ಲೆಕ್ಕ ಕರಗುವುದಿಲ್ಲ. ಯಾರ್ಡಿನಲ್ಲಿ ನೆಟ್ ಇಲ್ಲದ ಒಂದು ಪಿಸಿಗೆ ಮಾತ್ರ ಫೋನ್ ಆಕ್ಟಿವೇಶನ್ ಮಾಡಬೇಕಾಯಿತು. ಅವರು ಹೇಳುವ ನಂಬರು ತುಂಬಲು ಎ ಇಂದ ಎಚ್ ತನಕ ಎಂಟು ಚೌಕ, ಒಂದೊಂದರಲ್ಲಿ ಆರು ಅಂಕಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಐದು ಯಾವುದು ಒಂಬತ್ತು ಯಾವುದು ಅಂತ ಕೇಳಿಸುವುದೇ ಇಲ್ಲ. ಅದು ಮುಗಿಯುವಾಗ ಗಂಟಲು ನೋವು.

ನನ್ನ ತೀರ್ಪು: 25ರ ಆಸುಪಾಸಿನಲ್ಲಿ ತೂಗಾಡುವ ಆಫೀಸಿಗೆ ಕೆಎಂಎಸ್ ಬೇಡವೇ ಬೇಡ. ಐದರಲ್ಲಿ ಎರಡು ಅಂಕ, ಅದೂ ಆಫೀಸ್ ಸಾಫ್ಟ್‌ವೇರಿಗೆ ತೊಂದರೆ ಕೊಡದೆ ನಡೆದದ್ದಕ್ಕೆ. ನೂರಾರು ಪಿಸಿ ಇರುವವರಿಗೆ ಈ ಗೋಳು ಅರ್ಥವೂ ಆಗಲಿಕ್ಕಿಲ್ಲ. ಡೊಮೇನ್ ಇರುವ ಸಣ್ಣ ಆಫೀಸಿಗೆ ಆ್ಯಕ್ಟಿವ್ ಡೈರೆಕ್ಟರಿ ಆಕ್ಟಿವೇಶನ್, ಐದರಲ್ಲಿ ನಾಲ್ಕು. ಡೊಮೇನೇ ಇಲ್ಲ, ಹತ್ತು ಪಿಸಿ ಅಂದರೆ ಸೀದಾ ಎಂಎಕೆ ಹಾಕಿ ನೆಮ್ಮದಿಯಿಂದಿರಿ.

ಒಂದು ಅಂಕ ಕಡಿದದ್ದು ಯಾಕೆಂದರೆ ಎಂಎಸ್ ಆಫೀಸಿನ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ವಾಲ್ಯೂಮ್ ಲೈಸೆನ್ಸ್ ಪ್ಯಾಕ್ ಬೇರೆಯೇ ಇಳಿಸಿ, ಅದರ ಕೀ ಬೇರೆಯೇ ಹಾಕಬೇಕು. ನಾವೀಗ ಇರುವುದು ಆಫೀಸ್ 2021ರಲ್ಲಿ. ಅದರ ಸಪೋರ್ಟ್ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ, ಮತ್ತೆ ಅದೇ ಕೆಲಸ ಕಾದಿದೆ.