ಸಂಖ್ಯೆ ತಾಳೆಯಾದರೂ ನಾಣ್ಯ ನಕಲಿ: ಬ್ರಿಟಿಷ್ ಟ್ರೇಡ್ ಡಾಲರ್ ಕೊಳ್ಳುವವರ ಗಮನಕ್ಕೆ

ವಿದೇಶಿ ಬೆಳ್ಳಿ ನಾಣ್ಯಗಳನ್ನು ಮೊಬೈಲ್ ಗುಂಪುಗಳಲ್ಲಿ ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಣ್ಯಗಳಿಗೆ ದರ್ಜೆ ಕೊಡುವ ಸಂಸ್ಥೆಗಳ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನಾವೆಲ್ಲ ಸ್ಲ್ಯಾಬ್ ಎನ್ನುತ್ತೇವೆ. ಅದರ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿದಾಗ ಇಸವಿ, ಟಂಕಸಾಲೆ, ದರ್ಜೆ ಎಲ್ಲವೂ ಸರಿಹೊಂದಿದರೂ ಒಳಗಿರುವುದು ಹಿತ್ತಾಳೆಯ ಬಿಲ್ಲೆಯಾಗಿರಬಹುದು. ನನ್ನ ಕೈಗೆ ಬಂದದ್ದು ಅಂಥದೇ. ಹೋದದ್ದು 28,000 ರೂಪಾಯಿ. ಅದೇ ಸಂಖ್ಯೆಯ ಪೆಟ್ಟಿಗೆ ಈಗ ಇನ್ನೊಂದು ಗುಂಪಿನಲ್ಲಿ ಮಾರಾಟಕ್ಕೆ ಬಂದಿರುವುದನ್ನು ನೋಡಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ನಾಣ್ಯ ಯಾವುದು ಎಂದು ಮೊದಲು ಹೇಳಬೇಕು. 1902ರ ಬ್ರಿಟಿಷ್ ಟ್ರೇಡ್ ಡಾಲರ್, ಅಂದರೆ ಪೂರ್ವ ದೇಶಗಳ ವ್ಯಾಪಾರಕ್ಕೆಂದೇ ಅಚ್ಚಾದ ಬೆಳ್ಳಿ ನಾಣ್ಯ. ಹೆಸರು ಬ್ರಿಟಿಷರದು, ಚಲಾವಣೆ ಹಾಂಗ್‌ಕಾಂಗ್ ಮತ್ತು ಮಲಯದ ಸ್ಟ್ರೇಟ್ಸ್ ವಸಾಹತುಗಳಲ್ಲಿ, ಆದರೆ ಬಹುಪಾಲು ನಾಣ್ಯಗಳು ಅಚ್ಚಾದದ್ದು ನಮ್ಮ ಮುಂಬೈ ಟಂಕಸಾಲೆಯಲ್ಲಿ. 1895ರಲ್ಲಿ ಶುರುವಾಗಿ 1935ರವರೆಗೆ ಬಂದವು. ಮುಂಬದಿಯಲ್ಲಿ ಕಡಲ ದಡದಲ್ಲಿ ನಿಂತ ಬ್ರಿಟಾನಿಯಾ (ಬ್ರಿಟನ್ನನ್ನು ಸಂಕೇತಿಸುವ ಸ್ತ್ರೀರೂಪ), ಒಂದು ಕೈಯಲ್ಲಿ ತ್ರಿಶೂಲ, ಇನ್ನೊಂದು ಕೈ ಗುರಾಣಿಯ ಮೇಲೆ, ಹಿಂದೆ ಹಾಯಿ ಬಿಚ್ಚಿದ ಹಡಗು. ಹಿಂಬದಿಯ ನಡುವೆ ದೀರ್ಘಾಯುಷ್ಯವನ್ನು ಸೂಚಿಸುವ ಚೀನೀ ಚಿಹ್ನೆ, ಸುತ್ತಲೂ ‘ಒಂದು ಡಾಲರ್’ ಎಂಬುದು ಚೀನೀ ಅಕ್ಷರದಲ್ಲಿ ಮತ್ತು ಅರಬ್ಬೀ ಮೂಲದ ಜಾವಿ ಲಿಪಿಯ ಮಲಯ ಭಾಷೆಯಲ್ಲಿ. ಇಂಗ್ಲಿಷ್ ಸೇರಿ ಒಂದೇ ನಾಣ್ಯದ ಮೇಲೆ ಮೂರು ಲಿಪಿ! ಮುಂಬೈಯ ಕೆಲಸಗಾರರು ಅಚ್ಚೊತ್ತಿದ ಬೆಳ್ಳಿ ಹಾಂಗ್‌ಕಾಂಗ್‌ನ ಅಂಗಡಿಯ ಗಲ್ಲಾಪೆಟ್ಟಿಗೆ ಸೇರಿ, ಅಲ್ಲಿಂದ ಚೀನದ ಒಳನಾಡಿಗೆ ಹೋಗಿ, ಅಲ್ಲಿನ ಸರಾಫರು ಪರೀಕ್ಷಿಸಿ ತಮ್ಮ ಪುಟ್ಟ ಮುದ್ರೆ ಒತ್ತಿದ ನಾಣ್ಯಗಳು ಇಂದಿಗೂ ಸಿಗುತ್ತವೆ. ಇದನ್ನು ಅಂಗೈಯಲ್ಲಿ ಇಟ್ಟುಕೊಂಡವರಿಗೆ ಗೊತ್ತು, ಇದು ಬರಿಯ ಬೆಳ್ಳಿಯ ಬೆಲೆಯ ವಸ್ತುವಲ್ಲ. ಆ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ನನಗೆ ಸಿಟ್ಟು.

ಮಾರಿದವನು ಒಂದು ಸಂಗ್ರಾಹಕರ ಗುಂಪಿನಲ್ಲಿ ಬಹಳ ಕಾಲದಿಂದ ಇದ್ದವನು. ಸಣ್ಣಪುಟ್ಟ ನಾಣ್ಯಗಳನ್ನು ಮಾರುತ್ತ, ಹೊಸಬರ ಪ್ರಶ್ನೆಗಳಿಗೆ ಉತ್ತರಿಸುತ್ತ ಹೆಸರು ಗಳಿಸಿದ್ದ. ಬೆಲೆಯೂ ಅನುಮಾನ ಹುಟ್ಟಿಸುವಷ್ಟು ಕಡಿಮೆ ಇರಲಿಲ್ಲ. ಇದನ್ನು ವಿಶೇಷವಾಗಿ ಗಮನಿಸಿ: ‘ಅಗ್ಗವಾಗಿದ್ದರೆ ನಕಲಿ’ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ನಕಲಿ ಮಾಡುವವರು ಪೇಟೆಯ ಧಾರಣೆಯನ್ನು ನಮಗಿಂತ ಚೆನ್ನಾಗಿ ತಿಳಿದಿರುತ್ತಾರೆ. “ಸಂಸ್ಥೆಯ ಪೆಟ್ಟಿಗೆಯಲ್ಲೇ ಇದೆ ಸರ್, ನಂಬರ್ ನೀವೇ ಹಾಕಿ ನೋಡಿ, ಆಮೇಲೆ ಹಣ ಕಳುಹಿಸಿ” ಎಂದ. ಹಾಕಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಹಣ ಹೋಯಿತು, ಕೊರಿಯರ್ ಬಂತು.

ಗುಟ್ಟು ಬಯಲಾದದ್ದು ಜಾಲತಾಣದ ಅದೇ ಪುಟದಲ್ಲಿ. ಸಂಖ್ಯೆ ಹಾಕಿದಾಗ ಬರುವ ವಿವರದ ಕೆಳಗೆ ಹಲವು ನಾಣ್ಯಗಳಿಗೆ ಸಂಸ್ಥೆಯವರೇ ತೆಗೆದ ಛಾಯಾಚಿತ್ರವೂ ಇರುತ್ತದೆ. ಮೊಬೈಲ್ ಪರದೆಯಲ್ಲಿ ಅದು ಅಂಗುಲದಷ್ಟು ಕಾಣುತ್ತದೆ. ದೊಡ್ಡ ಪರದೆಯಲ್ಲಿ ಹಿಗ್ಗಿಸಿದಾಗ ಚಿತ್ರದಲ್ಲಿನ ನಾಣ್ಯದ ಹಡಗಿನ ಹಾಯಿಯ ಪಕ್ಕದಲ್ಲಿ ಒಂದು ಕಪ್ಪು ಕಲೆ ಮತ್ತು ಬ್ರಿಟಾನಿಯಾಳ ಮುಂದಿನ ಖಾಲಿ ಜಾಗದಲ್ಲಿ ಓರೆಯಾದ ಗೀರು ಸ್ಪಷ್ಟವಾಗಿ ಕಂಡವು. ನನ್ನ ಬಳಿಯ ನಾಣ್ಯದಲ್ಲಿ ಎರಡೂ ಇಲ್ಲ. ಕಲೆಯನ್ನು ಒರೆಸಬಹುದು, ಲೋಹದ ಮೇಲಿನ ಗೀರನ್ನು ಒರೆಸಲಾಗದು. ಅಲ್ಲದೆ ಮೊಹರಾದ ಪೆಟ್ಟಿಗೆಯೊಳಗೆ ಒರೆಸುವವರಾದರೂ ಯಾರು? ಯಾವುದೋ ದೇಶದಲ್ಲಿ ಯಾರದೋ ಬಳಿ ಇರುವ ಅಸಲಿ ನಾಣ್ಯದ ಸಂಖ್ಯೆಯನ್ನು ಕದ್ದು, ಚೀಟಿ ಮುದ್ರಿಸಿ, ಪೆಟ್ಟಿಗೆಯನ್ನೂ ನಕಲು ಮಾಡಿ, ಒಳಗೆ ನಕಲಿ ನಾಣ್ಯ ಕೂರಿಸಿದ್ದರು. ಸಂಖ್ಯೆ ಅಸಲಿಯಾದ್ದರಿಂದಲೇ ಅದು ತಾಳೆಯಾಗುತ್ತದೆ.

ನಕಲಿ ಪೆಟ್ಟಿಗೆಗಳು ಹೊಸ ವಿದ್ಯೆಯೇನೂ ಅಲ್ಲ. ದರ್ಜೆ ಕೊಡುವ ಅಮೆರಿಕದ ಎರಡು ದೊಡ್ಡ ಸಂಸ್ಥೆಗಳಾದ ಪಿಸಿಜಿಎಸ್ ಮತ್ತು ಎನ್‌ಜಿಸಿ 2008ರ ಹೊತ್ತಿಗೇ ತಮ್ಮ ಪೆಟ್ಟಿಗೆಗಳ ನಕಲು ಓಡಾಡುತ್ತಿರುವ ಬಗ್ಗೆ ಎಚ್ಚರಿಸಿದ್ದವು. ನಮ್ಮ ಗುಂಪುಗಳಲ್ಲಿ ಮಾತ್ರ ‘ಸ್ಲ್ಯಾಬ್ ಇದೆ’ ಎಂದರೆ ಇವತ್ತಿಗೂ ಚರ್ಚೆ ಮುಗಿದಂತೆ.

ಮಾರಿದವನಿಗೆ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳುಹಿಸಿದೆ. ಬೆಳಕಿನ ವ್ಯತ್ಯಾಸ ಎಂದ. ಗೀರಿನ ಬಗ್ಗೆ ಕೇಳಿದಾಗ, ಅರ್ಧ ಹಣ ಕೊಡುತ್ತೇನೆ, ಗುಂಪಿನಲ್ಲಿ ಏನೂ ಬರೆಯಬೇಡಿ ಎಂದ. ಒಪ್ಪಲಿಲ್ಲ. ಮರುದಿನ ನನ್ನ ಕರೆಗಳು ಅವನಿಗೆ ಹೋಗುತ್ತಿರಲಿಲ್ಲ. ಗುಂಪಿನ ನಿರ್ವಾಹಕರು ‘ವ್ಯಕ್ತಿಗತ ವ್ಯವಹಾರ’ ಎಂದು ಕೈತೊಳೆದುಕೊಂಡರು. ಅವನನ್ನು ತೆಗೆದುಹಾಕಲೂ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ, ದಾಖಲಾಗಿದೆ. ಹಣ ಆಗಲೇ ಆ ಖಾತೆಯಿಂದ ಮುಂದೆ ಸಾಗಿತ್ತು. ಅನುಮಾನ ಬಂದ ಕೂಡಲೇ, ಮಾರಿದವನೊಡನೆ ಮಾತುಕತೆಗೆ ಇಳಿಯುವ ಮೊದಲೇ, ಆ ಸಂಖ್ಯೆಗೆ ಕರೆ ಮಾಡಿ. ಖಾತೆಯಲ್ಲಿ ಹಣ ಇರುವಾಗ ಮಾತ್ರ ಅದನ್ನು ತಡೆಹಿಡಿಯಲು ಸಾಧ್ಯ.

ಆಮೇಲೆ ನಾಣ್ಯವನ್ನು ನಮ್ಮೂರಿನ ಚಿನ್ನಬೆಳ್ಳಿ ಅಂಗಡಿಯ ಹಿರಿಯರೊಬ್ಬರ ಬಳಿ ಒಯ್ದೆ. ಚಿಕ್ಕಂದಿನಿಂದ ಅವರನ್ನು ಮಾಮ ಎಂದೇ ಕರೆಯುವುದು. ವಿಡಿಯೊ ಮಾಡಿಕೊಳ್ಳುತ್ತ ಪೆಟ್ಟಿಗೆ ಒಡೆದೆವು. ಮುಂದಿನದು ನನಗೇ ಅಚ್ಚರಿ ತಂದಿತು. ಅಸಲಿ ಟ್ರೇಡ್ ಡಾಲರ್ 26.95 ಗ್ರಾಂ, 39 ಮಿಲಿಮೀಟರ್ ಅಗಲ, ನೂರಕ್ಕೆ 90 ಪಾಲು ಬೆಳ್ಳಿ. ಈ ನಾಣ್ಯದ ತೂಕ 26.8, ಅಗಲವೂ ಸರಿ. ಅಯಸ್ಕಾಂತಕ್ಕೆ ಅಂಟಲಿಲ್ಲ. ಅವರ ಎಕ್ಸ್‌ರೇ ಯಂತ್ರದಲ್ಲಿಟ್ಟರೆ ಬೆಳ್ಳಿ ಎಂದೇ ತೋರಿಸಿತು. “ಈ ಯಂತ್ರ ಮೇಲುಚರ್ಮವನ್ನಷ್ಟೇ ಓದುತ್ತದಪ್ಪ, ಹೊಟ್ಟೆಯೊಳಗೆ ಏನಿದೆಯೋ ಅದಕ್ಕೆ ಕಾಣದು. ನೀರಿಗೆ ಇಳಿಸೋಣ” ಎಂದರು ಮಾಮ.

ಈ ನೀರಿನ ಪರೀಕ್ಷೆಯನ್ನು ಪ್ರತಿಯೊಬ್ಬ ಸಂಗ್ರಾಹಕರೂ ಕಲಿಯಬೇಕು. ನಾಣ್ಯಕ್ಕೆ ಇದರಿಂದ ಯಾವ ಹಾನಿಯೂ ಇಲ್ಲ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳುವಾದ ದಾರದಲ್ಲಿ ನಾಣ್ಯವನ್ನು ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣತೂಕವನ್ನು ಭಾಗಿಸಿ. ಬರುವುದೇ ಆ ಲೋಹದ ಸಾಂದ್ರತೆ. ನೂರಕ್ಕೆ 90 ಪಾಲು ಬೆಳ್ಳಿಗೆ ಉತ್ತರ ಹೆಚ್ಚುಕಡಿಮೆ 10.3 ಬರಬೇಕು. ಅಂದರೆ ಟ್ರೇಡ್ ಡಾಲರ್ ಮುಳುಗಿದಾಗ ತಕ್ಕಡಿ 2.6ರ ಸುಮಾರು ತೋರಿಸಬೇಕು. ನಮ್ಮದು 3.1 ತೋರಿಸಿತು. ಲೆಕ್ಕ ಹಾಕಿದರೆ 8.6, ಹಿತ್ತಾಳೆಯ ಆಸುಪಾಸು. ಹಗುರ ಲೋಹದಲ್ಲಿ ಸರಿಯಾದ ತೂಕ ತರಬೇಕೆಂದರೆ ನಾಣ್ಯವನ್ನು ದಪ್ಪ ಮಾಡಲೇಬೇಕು. ಹಾಗೆಯೇ ಮಾಡಿದ್ದರು. ಅಂಚು ಪೆಟ್ಟಿಗೆಯೊಳಗೆ ಹುದುಗಿರುವುದರಿಂದ ಆ ದಪ್ಪ ಹೊರಗಿನವರಿಗೆ ಕಾಣುವುದಿಲ್ಲ. ಕೊನೆಗೆ ಮಾಮ ಅಂಚಿಗೆ ಅರ ಹಾಕಿ ಉಜ್ಜಿದರು. ಬಿಳಿಯ ಪದರದಡಿ ಹಳದಿ ಲೋಹ.

ಪೆಟ್ಟಿಗೆಯನ್ನು ಒಡೆಯದೆಯೂ ನೋಡಬಹುದಾದ ಗುರುತೊಂದಿದೆ. ಮುಂಬೈಯಲ್ಲಿ ಅಚ್ಚಾದ ಟ್ರೇಡ್ ಡಾಲರಿನಲ್ಲಿ ಬ್ರಿಟಾನಿಯಾಳ ತ್ರಿಶೂಲದ ನಡುವಿನ ಮೊನೆಯ ಮೇಲೆ, ಒಳಕ್ಕೆ ಕೊರೆದಂತೆ, ಇಂಗ್ಲಿಷಿನ ‘ಬಿ’ ಅಕ್ಷರ ಇರುತ್ತದೆ. ತೀರ ಚಿಕ್ಕದು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ನನಗೆ ಬಂದದ್ದರಲ್ಲಿ ಆ ಜಾಗದಲ್ಲಿ ಆಕಾರವಿಲ್ಲದ ತಗ್ಗು ಮಾತ್ರ ಇತ್ತು. ಸವೆದ ಅಸಲಿ ನಾಣ್ಯದಲ್ಲಿ ಅಕ್ಷರ ಮಸುಕಾಗಿರುವುದು ಸಹಜ. ಆದರೆ ಕೈಬದಲಾಗದಷ್ಟು ಹೊಸದು ಎಂಬ ದರ್ಜೆಯ ಚೀಟಿ ಅಂಟಿಸಿಕೊಂಡ ನಾಣ್ಯದಲ್ಲಿ ಹಾಗಿರಲು ಕಾರಣವಿಲ್ಲ. 1921 ಮತ್ತು 1935ರ ನಾಣ್ಯಗಳು ತೀರ ಅಪರೂಪದವು. ಅವನ್ನು ಯಾರಾದರೂ ಗುಂಪಿನಲ್ಲಿ ಮಾರಲು ತಂದರೆ ಇನ್ನೂ ಹೆಚ್ಚು ಜಾಗ್ರತೆ ಇರಲಿ.

ಇದೇ ಗಾತ್ರದ ಇತರ ಬೆಳ್ಳಿ ಡಾಲರ್‌ಗಳದ್ದೂ ಇದೇ ಕಥೆ. ಚೀನದ ಯುವಾನ್ ಶಿಕಾಯ್ ಡಾಲರ್, ಅಮೆರಿಕದ ಮಾರ್ಗನ್ ಡಾಲರ್, ಅಮೆರಿಕದ ಟ್ರೇಡ್ ಡಾಲರ್, ಎಲ್ಲಕ್ಕೂ ನಕಲಿಗಳಿವೆ. ಅಮೆರಿಕದ ಟ್ರೇಡ್ ಡಾಲರ್ ಶುರುವಾದದ್ದೇ 1873ರಲ್ಲಿ. ಆದರೂ 1799 ಎಂದು ಇಸವಿ ಹೊತ್ತ ‘ಟ್ರೇಡ್ ಡಾಲರ್’ ಸಂತೆಗಳಲ್ಲಿ ಸಿಗುತ್ತದೆ. ಆಸ್ಟ್ರಿಯಾದ ಮರಿಯಾ ತೆರೇಸಾ ಥಾಲರ್ ವಿಚಾರ ಬೇರೆ: ಅದರ ಮೇಲೆ ಯಾವಾಗಲೂ 1780 ಎಂದೇ ಇರುತ್ತದೆ, ಏಕೆಂದರೆ ರಾಣಿ ತೀರಿಕೊಂಡ ಆ ಇಸವಿಯನ್ನೇ ಉಳಿಸಿಕೊಂಡು ಮರುಅಚ್ಚು ಇಂದಿಗೂ ನಡೆದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯಲ್ಲಿಯೂ ಅಚ್ಚಾಗಿತ್ತು. ಬೆಳ್ಳಿ ಅಸಲಿಯೇ, ಆದರೆ ‘ಇನ್ನೂರು ವರ್ಷ ಹಳೆಯದು’ ಎಂದು ಹೇಳಿ ಹತ್ತುಪಟ್ಟು ಬೆಲೆ ಕೇಳಿದರೆ ಕೊಡಬೇಡಿ.

ನನಗೆ ಬಂದ ಪೆಟ್ಟಿಗೆಯ ಸಂಖ್ಯೆಯನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅಸಲಿ ನಾಣ್ಯದ ಒಡೆಯರಿಗೆ ಸೇರಿದ್ದು, ಅವರ ನಾಣ್ಯಕ್ಕೆ ಕೆಟ್ಟ ಹೆಸರು ಬರಬಾರದು. ಸಂಸ್ಥೆಗೆ ಚಿತ್ರಗಳ ಸಮೇತ ತಿಳಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಈಚೆಗೆ ಪೆಟ್ಟಿಗೆಯಲ್ಲಿರುವ 1902ರ ಟ್ರೇಡ್ ಡಾಲರ್ ಕೊಂಡಿದ್ದರೆ, ಜಾಲತಾಣದ ಛಾಯಾಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿ ದೊಡ್ಡದು ಮಾಡಿ ನಿಮ್ಮ ನಾಣ್ಯದ ಪಕ್ಕಕ್ಕೆ ಹಿಡಿದು ಗೀರು ಗೀರಾಗಿ ಹೋಲಿಸಿ. ಛಾಯಾಚಿತ್ರವೇ ಇಲ್ಲದ ಸಂಖ್ಯೆಯ ನಾಣ್ಯವನ್ನು ಮುಖತಃ ನೋಡದೆ ಕೊಳ್ಳಬೇಡಿ. ಹೊಂದದಿದ್ದರೆ ಪೆಟ್ಟಿಗೆ ಒಡೆಯುವ ಮೊದಲು ದೂರು ಕೊಡಿ, ಮಾರಿದವರೊಂದಿಗಿನ ಸಂದೇಶ, ಹಣ ಪಾವತಿಯ ವಿವರ, ಕೊರಿಯರ್ ಚೀಟಿ ಎಲ್ಲವನ್ನೂ ತೆಗೆದಿಡಿ. ಒಬ್ಬೊಬ್ಬರ ದೂರು ಚಿಕ್ಕ ಮೊತ್ತದ ಜಗಳವಾಗಿ ಕಾಣುತ್ತದೆ. ಒಂದೇ ಸಂಖ್ಯೆಯ ಪೆಟ್ಟಿಗೆ ಹಲವರ ಬಳಿ ಇದೆ ಎಂದು ನಾವು ಒಟ್ಟಾಗಿ ತೋರಿಸಿದರೆ ಅದು ವಂಚನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.